ಕ್ರಿಸ್ತನ ಸ್ನೇಹದಲ್ಲಿದ್ದು ನೆರೆಯವರನ್ನು ಪ್ರೀತಿಸುವ ಬಗೆ

ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಇನ್ನು ಮೇಲೆ ಆಳುಗಳೆನ್ನದೆ ಸ್ನೇಹಿತರೆಂದು ಕರೆಯುತ್ತಾನೆ. ಯಜಮಾನನು ಮಾಡುವುದು ಆಳಿಗೆ ತಿಳಿಯದು, ತಾನಾದರೋ ತಂದೆಯಿಂದ ಕೇಳಿದ್ದನ್ನೆಲ್ಲ ಅವರಿಗೆ ತಿಳಿಸಿದ್ದೇನೆ ಎಂಬುದೇ ಅದಕ್ಕೆ ಆತನು ಕೊಡುವ ಕಾರಣ. ಆದ್ದರಿಂದ ಈ ಸ್ನೇಹದಲ್ಲಿ ನಮ್ಮ ಮೊದಲ ಕೆಲಸ ಕೇಳಿಸಿಕೊಳ್ಳುವುದು. ಬೆಳಿಗ್ಗೆ ಮನೆಗೆಲಸ ಶುರುವಾಗುವ ಮುನ್ನ ಸುವಾರ್ತೆಯ ಒಂದು ಭಾಗವನ್ನು ನಿಧಾನವಾಗಿ ಓದಿರಿ, ಸ್ವಲ್ಪ ಹೊತ್ತು ಸುಮ್ಮನೆ ಕೂಡಿರಿ, ಬಳಿಕ ನಿಮ್ಮ ಓಣಿಯ ಒಬ್ಬರ ಹೆಸರು ಹಿಡಿದು ಪ್ರಾರ್ಥಿಸಿರಿ. ಲೋಕದವರೆಲ್ಲರಿಗಾಗಿ ಪ್ರಾರ್ಥಿಸುವುದು ಸುಲಭ. ಬೆಳಿಗ್ಗೆ ಯಾರ ಹೆಸರು ಹೇಳಿದೆವೋ ಅವರ ಮನೆಯ ಮುಂದೆ ಮುಖ ತಿರುಗಿಸಿಕೊಂಡು ಹೋಗುವುದು ಕಷ್ಟ. ಆ ಮನೆಯವರೊಡನೆ ಮನಸ್ತಾಪವಿದ್ದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂಬ ಮತ್ತಾಯನ 5ನೆಯ ಅಧ್ಯಾಯದ ಮಾತನ್ನು ಬರುವ ಭಾನುವಾರದ ಆರಾಧನೆಗೆ ಮುನ್ನವೇ ನಡೆಸಿರಿ.

ನೆರೆಯವನು ಯಾರು ಎಂಬ ಪ್ರಶ್ನೆಗೆ ಲೂಕನ 10ನೆಯ ಅಧ್ಯಾಯದಲ್ಲಿ ಯೇಸು ಸಮಾರ್ಯದವನ ಕಥೆಯನ್ನು ಹೇಳುತ್ತಾನೆ. ಕಳ್ಳರ ಹೊಡೆತ ತಿಂದು ದಾರಿಯಲ್ಲಿ ಬಿದ್ದಿದ್ದವನ ಗಾಯಗಳಿಗೆ ಈ ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರಕ್ಕೆ ಒಯ್ದದ್ದು ನಮಗೆಲ್ಲ ನೆನಪಿರುತ್ತದೆ. ಮರುದಿನ ಅವನು ಛತ್ರದವನಿಗೆ ಎರಡು ದಿನಾರಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದದ್ದನ್ನು ಮರೆಯುತ್ತೇವೆ. ನನಗೆ ಕಥೆಯ ಜೀವವೇ ಆ ತಿರುಗಿ ಬರುವ ಮಾತಿನಲ್ಲಿದೆ ಎನ್ನಿಸುತ್ತದೆ.

ಇದನ್ನು ಕಲಿಯಲು ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದು ಕರೆಯುವ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ರೋಗಿಯ ಸೇವೆ ನಮ್ಮ ಸೀಮೆಯ ಸಭೆಗಳಿಗೆ ಹೊಸದಲ್ಲ. ಬೆಟಗೇರಿಯಲ್ಲಿ ಯುರೋಪಿನಿಂದ ಬಂದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಕಟ್ಟಿದ ಆಸ್ಪತ್ರೆಯನ್ನು ಗದಗಿನ ಜನ ಇಂದಿಗೂ ಜರ್ಮನ್ ದವಾಖಾನೆ ಎಂದೇ ಕರೆಯುತ್ತಾರೆ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ರೋಗಿಯನ್ನು ಕರೆತಂದು ಕಿಮ್ಸಿನ ಹೊರಗೆ ಕಾಯುತ್ತಿರುವ ಒಂದೇ ಒಂದು ಕುಟುಂಬವನ್ನು ಆರಿಸಿಕೊಳ್ಳಿರಿ. "ಯಾವ ಊರ್ರಿ ಅಕ್ಕಾರ? ಊಟ ಆತೇನ್ರಿ?" ಎಂದು ಕೇಳಿ, ಅವರ ಮಾತಿಗೆ ಕಿವಿಗೊಟ್ಟು ಕೂಡಿರಿ. ಅವರಿಗೆ ಬೇಕಾಗಿರುವುದು ಹಣವಲ್ಲದೆ, ಬರೆದುಕೊಟ್ಟ ಚೀಟಿಯನ್ನು ಓದಿ ಹೇಳುವವರೋ, ಪಾಳಿಯಲ್ಲಿ ನಿಲ್ಲುವವರೋ ಆಗಿರಬಹುದು. ರೊಟ್ಟಿ ಬುತ್ತಿಯನ್ನು ಕಾಯುವವರಿಗೆ ಕೊಡಿರಿ. ರೋಗಿಗೆ ಏನನ್ನೂ ವೈದ್ಯರನ್ನು ಕೇಳದೆ ಕೊಡಬೇಡಿರಿ. ಫೋಟೋ ತೆಗೆಯಬೇಡಿರಿ, ಜಾತಿ ಧರ್ಮ ವಿಚಾರಿಸಬೇಡಿರಿ, ಸಂಕಟದಲ್ಲಿರುವವರ ಮುಂದೆ ಉಪದೇಶಕ್ಕೆ ಕೂಡಬೇಡಿರಿ. ಹೊರಡುವಾಗ ಮತ್ತೆ ಯಾವಾಗ ಬರುವಿರೆಂದು ಹೇಳಿ, ಆ ಹೊತ್ತಿಗೇ ಹೋಗಿರಿ. ಅಂದು ಅವರು ಊರಿಗೆ ಹೊರಟು ನಿಂತಿದ್ದರೆ, ಬಸ್ ಹತ್ತುವ ತನಕ ಅವರ ಗಂಟನ್ನು ನೀವು ಹೊತ್ತುಕೊಳ್ಳಿರಿ.