17 ವರ್ಷದ ಆಲ್ಟೊ, ತೂತುಬಿದ್ದ ಸೈಲೆನ್ಸರ್

ಸದ್ದು ಶುರುವಾಗಿ ಎರಡು ತಿಂಗಳಾದರೂ ನಾನು ಕಾರಿನ ಅಡಿಗೆ ಇಣುಕಿರಲಿಲ್ಲ. ಇಣುಕುವಂತೆ ಮಾಡಿದ್ದು ಅಮ್ಮನ ತಲೆನೋವು. ಜುಲೈ ತಿಂಗಳ ಜಡಿಮಳೆಯಲ್ಲಿ ಕಿಟಕಿ ಮುಚ್ಚಿಕೊಂಡು ಕುಂದಾಪುರಕ್ಕೆ ಹೋಗಿ ಬಂದ ದಿನ ಹಿಂದಿನ ಸೀಟಿನಲ್ಲಿದ್ದ ಅಮ್ಮ ತಲೆ ಭಾರ ಎಂದರು. ಮರುವಾರವೂ ಹಾಗೇ ಆಯಿತು. ಅದಕ್ಕೆ ಹೊಗೆಯೇ ಕಾರಣ ಎಂದು ಖಚಿತವಾಗಿ ಹೇಳಲಾರೆ. ಆದರೆ ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ಬರುವುದೇ ತಲೆನೋವು. ಅಷ್ಟು ಗೊತ್ತಿದ್ದೂ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಅಂದಿನಿಂದ ರಿಪೇರಿ ಮುಗಿಯುವವರೆಗೆ ಅಮ್ಮನನ್ನು ಬಸ್ಸಿನಲ್ಲೇ ಕರೆದುಕೊಂಡು ಹೋದೆ.

ನಮ್ಮದು 2008ರ ಆಲ್ಟೊ. ಮನೆ ಮರವಂತೆಯ ಹತ್ತಿರ, ಹೆದ್ದಾರಿ 66ರ ಪಕ್ಕದಲ್ಲೇ ಕಡಲು. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುವುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಆದರೆ ಸೈಲೆನ್ಸರ್ ಹೊರಗಿನಿಂದ ಎಷ್ಟು ತುಕ್ಕು ಹಿಡಿಯುತ್ತದೋ ಅಷ್ಟೇ ಒಳಗಿನಿಂದಲೂ ಹಿಡಿಯುತ್ತದೆ ಎಂಬುದು ನನಗೆ ತಿಳಿದದ್ದು ಈ ಸಲವೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ದೂರದ ಪ್ರಯಾಣದಲ್ಲಿ ಪೈಪು ಪೂರ್ತಿ ಕಾದು ಆ ಆವಿ ಹೊರಹೋಗುತ್ತದೆ. ನನ್ನ ದಿನದ ಓಡಾಟ ಮೂರು ಕಿಲೋಮೀಟರ್. ಎಂಜಿನ್‌ನಿಂದ ಅತಿ ದೂರದಲ್ಲಿರುವ ಹಿಂದಿನ ಸೈಲೆನ್ಸರ್ ಬಿಸಿಯಾಗುವ ಮೊದಲೇ ನಾನು ಶಾಲೆ ತಲುಪಿರುತ್ತೇನೆ. ನೀರು ಅದರ ಹೊಟ್ಟೆಯಲ್ಲೇ ಉಳಿಯುತ್ತದೆ. ಆ ನೀರು ಇಳಿದುಹೋಗಲೆಂದು ತಳದಲ್ಲಿ ಒಂದು ಸಣ್ಣ ರಂಧ್ರವಿತ್ತು. ನಮ್ಮ ಓಣಿಯ ಕೆಂಪು ಕೆಸರು ಅದನ್ನು ಯಾವಾಗಲೋ ಮುಚ್ಚಿಬಿಟ್ಟಿತ್ತು.

ಹಿಂದಿನ ವರ್ಷ ಇದೇ ಸೈಲೆನ್ಸರಿಗೆ 500 ರೂಪಾಯಿ ಕೊಟ್ಟು ವೆಲ್ಡಿಂಗ್ ಪಟ್ಟಿ ಹಾಕಿಸಿದ್ದೆ. ನಾಲ್ಕು ತಿಂಗಳಿಗೆ ಪಟ್ಟಿಯ ಅಂಚಿನಲ್ಲೇ ಮತ್ತೆ ಬಿರುಕು. ತಪ್ಪು ಬೆಸುಗೆಯವರದಲ್ಲ. ತಗಡು ಹಪ್ಪಳದಷ್ಟು ತೆಳುವಾಗಿರುವಾಗ ಬೆಸುಗೆ ಹಿಡಿದುಕೊಳ್ಳಲು ಗಟ್ಟಿ ಲೋಹವೇ ಇರುವುದಿಲ್ಲ.

ಈ ಸಲ ನಾನೇ ನೋಡಬೇಕೆಂದು ಹೊರಟೆ. ನಮ್ಮ ಕಡೆ ಕಾರನ್ನು ಎತ್ತಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲೆ ನಿಲ್ಲಿಸುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಭಾರ ಬಿದ್ದಾಗ ಮುರಕಲ್ಲು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಬರೀ ಜ್ಯಾಕನ್ನೂ ನಂಬುವಂತಿಲ್ಲ. ನಾನು ಕಬ್ಬಿಣದ ಸ್ಟ್ಯಾಂಡ್‌ಗಳನ್ನು ಎರವಲು ತಂದು, ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೆಳಗೆ ಇಳಿದೆ.

ಸ್ಕ್ರೂಡ್ರೈವರಿನ ಹಿಡಿಕೆಯಿಂದ ಉದ್ದಕ್ಕೂ ತಟ್ಟುತ್ತಾ ಬಂದೆ. ಗಟ್ಟಿ ಲೋಹ ಠಣ್ ಎನ್ನುತ್ತದೆ; ಸತ್ತ ಲೋಹ ಒಡೆದ ಮಡಕೆಯಂತೆ ಮಂಕಾಗಿ ಉತ್ತರಿಸುತ್ತದೆ. ಮುಂದಿನ ಪೈಪು, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಮಧ್ಯದ ಪೈಪು ಇವೆಲ್ಲದರ ಮೇಲೆ ತುಕ್ಕಿನ ಪದರವಿತ್ತು, ಆದರೆ ಸದ್ದು ಗಟ್ಟಿ. ಹಿಂದಿನ ಸೈಲೆನ್ಸರಿನ ಮೇಲ್ಭಾಗ, ಅಂದರೆ ಬಗ್ಗಿ ನೋಡಿದರೆ ಕಾಣದ ಭಾಗ, ಬೆರಳೊತ್ತಿದರೆ ಕುಸಿಯಿತು. ಆಮೇಲೆ ಹೊರಗೆ ಬಂದು, ಮಗನಿಗೆ ಎಂಜಿನ್ ಚಾಲೂ ಮಾಡಲು ಹೇಳಿ, ಹೊಗೆ ಹೊರಬರುವ ಪೈಪಿನ ಬಾಲದ ಬಾಯಿಗೆ ಒದ್ದೆ ಗೋಣಿಬಟ್ಟೆಯನ್ನು ಕ್ಷಣಹೊತ್ತು ಒತ್ತಿ ಹಿಡಿದೆ. ಎರಡು ಕಡೆ ಬುಸುಗುಟ್ಟಿತು: ಒಂದು ಸೈಲೆನ್ಸರಿನ ಮೇಲ್ಭಾಗ, ಇನ್ನೊಂದು ಮುಂದೆ, ಎಂಜಿನ್‌ನ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿಗೆ ಪೈಪು ಸೇರುವ ಕಡೆ. ಅಲ್ಲಿ ಸೋರದಂತೆ ಸಂದಿಗೆ ಇಡುವ ಗ್ಯಾಸ್ಕೆಟ್ ಸುತ್ತ ಕಪ್ಪು ಮಸಿಯ ಗೆರೆಯೂ ಕಂಡಿತು.

ಆ ಎರಡನೆಯ ಸೋರಿಕೆ ಸದ್ದೇ ಮಾಡುತ್ತಿರಲಿಲ್ಲ. ಆದರೆ ಈಚೆಗೆ ಕಾರಿನ ಮೈಲೇಜ್ ಕುಸಿದದ್ದು ಅದರಿಂದಲೇ ಇರಬೇಕು ಎಂದು ನನ್ನ ಲೆಕ್ಕ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸೋರಿಕೆಯಿದ್ದರೆ ಹೊಗೆ ಹೊರಗೆ ಹೋಗುವುದರ ಜೊತೆಗೆ ಪೈಪು ಹೊರಗಿನ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಪೆಟ್ರೋಲ್ ಕಡಿಮೆಯಾಗಿದೆ ಎಂಬ ಭ್ರಮೆ ಹುಟ್ಟಿ, ಎಂಜಿನ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಸದ್ದು ಮಾಡುವ ತೂತನ್ನಷ್ಟೇ ಮುಚ್ಚಿಸಿ ಬಂದಿದ್ದರೆ ಇದು ಹಾಗೇ ಉಳಿಯುತ್ತಿತ್ತು. ಹೊಗೆ ತಪಾಸಣೆಯ ಚೀಟಿಯನ್ನೂ ನಂಬಿ ಕೂರುವಂತಿಲ್ಲ. ಈ ತಲೆಮಾರಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 0.5, ನನ್ನ ಕಾರು ಅದರೊಳಗೇ ಇತ್ತು. ಆದರೆ ಅಳೆಯುವ ಕೊಳವೆ ಹೋಗುವುದು ಬಾಲದ ಬಾಯಿಗೆ. ನಡುದಾರಿಯಲ್ಲಿ ಸೋರಿಹೋದದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

ಒಂದು ಗ್ಯಾರೇಜಿನಲ್ಲಿ ತುದಿಯಿಂದ ತುದಿಗೆ ಎಲ್ಲವನ್ನೂ ಬದಲಿಸಿ ಎಂದರು, ಕನ್ವರ್ಟರ್ ಸೇರಿಸಿ. ಇನ್ನೊಂದು ಕಡೆ, ಕನ್ವರ್ಟರ್ ತೆಗೆದು ನೇರ ಪೈಪು ಹಾಕಿದರೆ ಅಗ್ಗ ಎಂದರು. ಎರಡನೆಯ ಸಲಹೆಗೆ ನನಗೆ ಸಿಟ್ಟೇ ಬಂತು. ಕನ್ವರ್ಟರಿನೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ಗುಜರಿಯಲ್ಲೂ ಅದಕ್ಕೆ ಬೆಲೆ. ಅದನ್ನು ಕಳೆದುಕೊಳ್ಳುವುದು ಒಂದು ನಷ್ಟವಾದರೆ, ನಮ್ಮ ಓಣಿಯ ಮಕ್ಕಳ ಮುಖಕ್ಕೆ ವಿಷ ಬಿಡುವುದು ಇನ್ನೊಂದು. ತಟ್ಟಿದರೆ ಒಳಗೆ ಕಲಕಲ ಸದ್ದಿಲ್ಲ, ಏರಿನಲ್ಲಿ ಎಂಜಿನ್ ಉಸಿರು ಕಟ್ಟುತ್ತಿಲ್ಲ. ಅಂದರೆ ಕನ್ವರ್ಟರ್ ಒಡೆದಿಲ್ಲ, ಕಟ್ಟಿಕೊಂಡೂ ಇಲ್ಲ. ಅದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

ಉಳಿದ ಪ್ರಶ್ನೆ, ಈ ಕಾರು ಇನ್ನೆಷ್ಟು ವರ್ಷ? 15 ವರ್ಷ ತುಂಬಿದಾಗ 2023ರಲ್ಲಿ ನೋಂದಣಿ ನವೀಕರಿಸಿದ್ದೆ. ಅದಕ್ಕೆ ಒಂದು ವರ್ಷ ಮುಂಚೆ, 2022ರ ಏಪ್ರಿಲ್‌ನಲ್ಲಿ, ಆ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. 2028ರವರೆಗೆ ಕಾಗದ ಗಟ್ಟಿ. ಆರು ತಿಂಗಳಲ್ಲಿ ಮಾರುವ ಕಾರಾಗಿದ್ದರೂ ಹಿಂದಿನ ಸೈಲೆನ್ಸರನ್ನು ಬದಲಿಸುತ್ತಿದ್ದೆ, ಏಕೆಂದರೆ ಅದು ಕೂರುವವರ ಉಸಿರಿನ ವಿಷಯ. ಮೂರು ವರ್ಷ ಓಡಿಸುವುದಿದ್ದರೆ ಗಟ್ಟಿಯಿರುವ ಮಧ್ಯದ ಪೈಪಿಗೆ ದುಡ್ಡು ಹಾಕುವುದು ದಂಡ.

ಹಾಗಾಗಿ ಹಿಂದಿನ ಸೈಲೆನ್ಸರ್, ಮುಂದಿನ ಗ್ಯಾಸ್ಕೆಟ್, ಎಲ್ಲ ರಬ್ಬರ್ ಹ್ಯಾಂಗರ್‌ಗಳು, ಹೊಸ ಬೋಲ್ಟುಗಳು. ಕೂಲಿ ಸೇರಿ 3,400 ರೂಪಾಯಿ. ರಬ್ಬರಿನ ವಿಷಯದಲ್ಲಿ ಜಿಪುಣತನ ಬೇಡ. ಒಂದು ರಬ್ಬರ್ ಹರಿದರೆ ಪೈಪು ಜೋತುಬಿದ್ದು, ಪ್ರತಿ ಹೊಂಡಕ್ಕೂ ಬೆಸುಗೆಯ ಜಾಗದಲ್ಲೇ ಏಟು ತಿನ್ನುತ್ತದೆ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ. ಆದರೂ ಎರಡನ್ನು ಕತ್ತರಿಸಲೇಬೇಕಾಯಿತು. ಕಿಡಿ ಹಾರುವ ಯಂತ್ರ ಬೇಡ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದೆ ಎಂದು ಹಟ ಹಿಡಿದು ಕೈಗರಗಸದಲ್ಲಿ ಕೊಯ್ಯಿಸಿದೆ. ಅರ್ಧ ಗಂಟೆ ಹೆಚ್ಚು ಹಿಡಿಯಿತು. ಹಳೆಯ ಸೈಲೆನ್ಸರ್ ಹೊರಗೆ ಬಂದ ಮೇಲೆ ಕಾರಿನ ತಳವನ್ನೂ ಟಾರ್ಚ್ ಹಿಡಿದು ನೋಡಿದೆ. ಡಿಕ್ಕಿಯ ಮೂಲೆಯಲ್ಲಿ ಎರಡು ರಂಧ್ರಗಳಿದ್ದವು, ಬಾಗಿಲ ರಬ್ಬರೂ ಸೀಳಿತ್ತು. ಹೊಗೆ ಅಮ್ಮನವರೆಗೆ ಬರಲು ಅಷ್ಟು ದಾರಿ ಸಾಕಿತ್ತು. ಅದನ್ನೂ ಮುಚ್ಚಿಸಿದೆ.

ಈಗ ಹದಿನೈದು ದಿನಕ್ಕೊಮ್ಮೆ ಭಾನುವಾರ ಕಾರನ್ನು ಬೈಂದೂರಿನವರೆಗೆ ಓಡಿಸಿ ಬರುತ್ತೇನೆ, ಸೈಲೆನ್ಸರ್ ಪೂರ್ತಿ ಕಾದು ಒಣಗಲೆಂದು. ಕೆಳಗಿನ ರಂಧ್ರಕ್ಕೆ ತಿಂಗಳಿಗೊಮ್ಮೆ ತಂತಿ ಹಾಕುತ್ತೇನೆ. ಚೌತಿ ಕಳೆದ ಮೇಲೆ ಮಧ್ಯದ ಪೈಪನ್ನು ಮತ್ತೆ ತಟ್ಟಿ ನೋಡಿದೆ. ಇನ್ನೂ ಠಣ್ ಎನ್ನುತ್ತಿದೆ. ಅಮ್ಮ ಮೊನ್ನೆ ಕುಂದಾಪುರದಿಂದ ಬರುವಾಗ ದಾರಿಯುದ್ದಕ್ಕೂ ನಿದ್ದೆ ಮಾಡಿದರು. ಮನೆ ಬಂದಾಗ ನಾನೇ ಎಬ್ಬಿಸಿ, ತಲೆ ಹೇಗಿದೆ ಎಂದು ಕೇಳಿದೆ. ಹಗುರವಾಗಿದೆ ಎಂದರು.