ಲಿನಕ್ಸ್‌ನಲ್ಲಿ ಹಾಡುಗಳ ಸದ್ದು ಸಮ ಮಾಡುವುದು

ಒಂದು ಹಾಡು ಪಿಸುಗುಟ್ಟಿ ಮುಂದಿನದು ಅರಚಿದರೆ ವಾಲ್ಯೂಮ್ ಬಟನ್‌ನಿಂದ ಕೈ ತೆಗೆಯುವಂತಿಲ್ಲ. ಇದಕ್ಕಾಗಿ ಇಡೀ ಸಂಗ್ರಹವನ್ನು ಎಫ್‌ಎಫ್‌ಎಂಪೆಗ್ ಎಂಬ ಆಡಿಯೊ-ವಿಡಿಯೊ ಪರಿವರ್ತಕಕ್ಕೆ ಕೊಟ್ಟು ಮರು ಎನ್‌ಕೋಡ್ ಮಾಡುವವರಿದ್ದಾರೆ. ಬೇಡ: ಎಂಪಿ3ಯನ್ನು ಮತ್ತೊಮ್ಮೆ ಹಿಂಡಿದರೆ ಕಳೆದುಹೋದದ್ದು ವಾಪಸ್ ಬರುವುದಿಲ್ಲ. ರಿಪ್ಲೇಗೇನ್ ಎಂಬ ಪದ್ಧತಿ ಆಡಿಯೊವನ್ನು ಮುಟ್ಟದೆ, ಎಷ್ಟು ಡೆಸಿಬೆಲ್ ಏರಿಸಬೇಕು ಅಥವಾ ಇಳಿಸಬೇಕು ಎಂಬುದನ್ನಷ್ಟೇ (ಇದೇ ‘ಗೇನ್’) ಫೈಲಿನ ಟ್ಯಾಗ್‌ನಲ್ಲಿ, ಅಂದರೆ ಹಾಡಿನ ಹೆಸರು, ಗಾಯಕರ ವಿವರ ಇರುವ ಜಾಗದಲ್ಲಿ, ಬರೆದಿಡುತ್ತದೆ. ಉಳಿದದ್ದು ಪ್ಲೇಯರ್ ಕೆಲಸ.

ಅಳೆಯಲು ಆರ್‌ಎಸ್‌ಗೇನ್ (rsgain) ಎಂಬ ತಂತ್ರಾಂಶ ಸಾಕು. ಟರ್ಮಿನಲ್‌ನಲ್ಲಿ ಆ ಹೆಸರು, ಮುಂದೆ ‘ಈಸಿ’ (easy), ಕೊನೆಗೆ ಫೋಲ್ಡರಿನ ದಾರಿ ಕೊಡಿ. ಒಳಫೋಲ್ಡರುಗಳನ್ನೆಲ್ಲ ತಾನೇ ಜಾಲಾಡುತ್ತದೆ. ಹೊಸ ಹಾಡು ಸೇರಿಸಿದ ಮೇಲೆ ಮತ್ತೆ ಓಡಿಸುವಾಗ ಹೈಫನ್ ಮತ್ತು ದೊಡ್ಡಕ್ಷರದ ಎಸ್ ಸೇರಿಸಿದರೆ, ಈಗಾಗಲೇ ಟ್ಯಾಗ್ ಇರುವ ಫೈಲುಗಳನ್ನು ಬಿಟ್ಟು ಮುಂದೆ ಹೋಗುತ್ತದೆ.

ರಿಪ್ಲೇಗೇನ್ 2.0ರ ಗುರಿ −18 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಸದ್ದಿನ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಹಾಡಿನ ಅಳತೆ −9 ಬಂದರೆ ಟ್ಯಾಗ್‌ನಲ್ಲಿ −9 ಡೆಸಿಬೆಲ್. ಹಳೆಯ, ಮೆಲುವಾದ ರೆಕಾರ್ಡಿಂಗ್ −20 ಇದ್ದರೆ +2. ತೊಂದರೆ ಇರುವುದು ಏರಿಸುವ ಕಡೆಗೇ. ಅದರ ಪೀಕ್, ಅಂದರೆ ಅಲೆಯ ಅತಿ ಎತ್ತರದ ತುದಿ, 0.95 ಎನ್ನಿ (1 ಗರಿಷ್ಠ ಮಿತಿ), 2 ಡೆಸಿಬೆಲ್ ಎಂದರೆ ಸುಮಾರು 1.26 ಪಟ್ಟು, ಪೀಕ್ 1.2ರ ಹತ್ತಿರ ಹೋಗುತ್ತದೆ. 1 ದಾಟಿದ್ದು ಕ್ಲಿಪ್ ಆಗಿ, ಅಂದರೆ ತುದಿ ಕತ್ತರಿಸಿಹೋಗಿ, ಕರಕರ ಎನ್ನುತ್ತದೆ. ಈಸಿ ಮೋಡ್ ಇದನ್ನು ನೋಡಿಕೊಂಡು ಏರಿಕೆಯನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಕೆಲವು ಹಳೆ ಹಾಡುಗಳು ಕೊಂಚ ಮೆಲುವಾಗಿಯೇ ಉಳಿದರೆ ಅದು ದೋಷವಲ್ಲ.

ಹೆಚ್ಚಿನವರು ಎಡವುವುದು ಆಲ್ಬಂ ವಿಷಯದಲ್ಲಿ. ಟ್ರ್ಯಾಕ್ ಗೇನ್ ಪ್ರತಿ ಹಾಡನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಆಲ್ಬಂ ಗೇನ್ ಇಡೀ ಆಲ್ಬಂಗೆ ಒಂದೇ ಸಂಖ್ಯೆ ಕೊಟ್ಟು, ಒಳಗಿನ ಏರಿಳಿತವನ್ನು ಹಾಗೇ ಉಳಿಸುತ್ತದೆ. ಈಸಿ ಮೋಡ್‌ಗೆ ಒಂದು ಫೋಲ್ಡರ್ ಎಂದರೆ ಒಂದು ಆಲ್ಬಂ. ಎರಡು ಡಿಸ್ಕ್ ಬೇರೆ ಬೇರೆ ಫೋಲ್ಡರಿನಲ್ಲಿದ್ದರೆ ಎರಡು ಲೆಕ್ಕ. ನೂರಾರು ಬಿಡಿ ಹಾಡುಗಳು ಒಂದೇ ಕಡೆ ರಾಶಿ ಬಿದ್ದಿದ್ದರೆ ಅವುಗಳ ಆಲ್ಬಂ ಗೇನ್‌ಗೆ ಅರ್ಥವೇ ಇಲ್ಲ. ಮೊದಲು ಫೋಲ್ಡರ್ ಸರಿಮಾಡಿ, ಆಮೇಲೆ ಸ್ಕ್ಯಾನ್.

ಸ್ಕ್ಯಾನ್ ಆದರೂ ವ್ಯತ್ಯಾಸ ಕೇಳಿಸದಿದ್ದರೆ ಪ್ಲೇಯರ್ ಸೆಟ್ಟಿಂಗ್ ನೋಡಿ. ಎಂಪಿವಿ ಪ್ಲೇಯರ್‌ನಲ್ಲಿ ರಿಪ್ಲೇಗೇನ್ ಆಯ್ಕೆಗೆ ‘ಟ್ರ್ಯಾಕ್’ ಅಥವಾ ‘ಆಲ್ಬಂ’ ಕೊಡಬೇಕು. ಎಂಪಿಡಿ ಎಂಬ ಇನ್ನೊಂದು ಪ್ಲೇಯರ್‌ನಲ್ಲಿ ‘ಆಟೋ’ ಹಾಕಿ: ರ‍್ಯಾಂಡಮ್ ಇದ್ದಾಗ ಟ್ರ್ಯಾಕ್, ಇಲ್ಲದಾಗ ಆಲ್ಬಂ. ಟ್ಯಾಗ್ ಬರೆದಾಗ ಫೈಲು ಬದಲಾಗುವುದರಿಂದ ಬ್ಯಾಕಪ್ ತಂತ್ರಾಂಶ ಅವುಗಳನ್ನು ಮತ್ತೆ ಪೂರ್ತಿ ನಕಲು ಮಾಡಬಹುದು, ಗಾಬರಿ ಬೇಡ.

ಟ್ಯಾಗ್ ಓದದ ಕಾರ್ ಸ್ಟೀರಿಯೊಗೆ ಎಂಪಿ3ಗೇನ್ ಎಂಬ ತಂತ್ರಾಂಶ ಇದೆ. ಅದು ಮರು ಎನ್‌ಕೋಡ್ ಮಾಡದೆ ಫೈಲಿನೊಳಗಿನ ಗೇನ್ ಸಂಖ್ಯೆಯನ್ನೇ 1.5 ಡೆಸಿಬೆಲ್ ಹೆಜ್ಜೆಗಳಲ್ಲಿ ಬದಲಿಸುತ್ತದೆ. ಹೈಫನ್ ಮತ್ತು ಸಣ್ಣ ಯು ಕೊಟ್ಟರೆ ಹಿಂದಿನಂತೆ ಮಾಡಬಹುದು. ಪೆನ್‌ಡ್ರೈವ್‌ನ ಪ್ರತಿಯ ಮೇಲಷ್ಟೇ ಬಳಸಿ. ಮೂಲ ಸಂಗ್ರಹದ ಮೇಲೆ ಓಡಿಸಿದರೆ ಹಳೆಯ ರಿಪ್ಲೇಗೇನ್ ಟ್ಯಾಗ್ ಸುಳ್ಳಾಗುತ್ತದೆ, ಈಗಾಗಲೇ ಇಳಿದ ಸದ್ದನ್ನು ಪ್ಲೇಯರ್ ಮತ್ತೊಮ್ಮೆ ಇಳಿಸುತ್ತದೆ.