ಅಗ್ನಿಗೋಲ ಆರಿದ ಮೇಲಿನ ಹತ್ತು ನಿಮಿಷ

ನವೆಂಬರ್ ತಿಂಗಳ ಒಂದು ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ತಾರಸಿಯ ಮೇಲೆ ನಿಂತಿದ್ದಾಗ, ಕಟಾಂಜನದ ಕಂಬಿಗಳ ನೆರಳು ನನ್ನ ಕಾಲಬಳಿ ಮೂಡಿ ಸರಿಯತೊಡಗಿತು. ತಲೆಯೆತ್ತಿದಾಗ ಹಸಿರು ಮಿಶ್ರಿತ ಬಿಳಿಯ ಬೆಳಕೊಂದು ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಬಳಿಯಿಂದ ಕೆಳಗಿಳಿದು, ಲುಬ್ಧಕ ನಕ್ಷತ್ರವನ್ನು ದಾಟಿ, ಕೊನೆಗೆ ಕಿತ್ತಳೆ ಬಣ್ಣದ ಎರಡು ಚೂರುಗಳಾಗಿ ಆರಿಹೋಯಿತು. ಶುಕ್ರಗ್ರಹಕ್ಕಿಂತ ಪ್ರಕಾಶಮಾನವಾದ ಉಲ್ಕೆಯನ್ನು ಅಗ್ನಿಗೋಲವೆನ್ನುತ್ತಾರೆ. ಶುಕ್ರನ ಬೆಳಕಿನಲ್ಲಿ ನೆರಳು ಕಾಣಲು ಗಾಢವಾದ ಕತ್ತಲೆಯೇ ಬೇಕು, ಆದರೆ ಆ ರಾತ್ರಿ ಬೀದಿದೀಪಗಳಿದ್ದರೂ ಕಂಬಿಗಳನ್ನು ಎಣಿಸಬಹುದಾಗಿತ್ತು.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದನ್ನು ಕಂಡಾಗ ಮನೆಯವರನ್ನು ಕರೆಯಲು ಒಳಗೆ ಓಡಿದ್ದೆ. ಹಿಂತಿರುಗುವಷ್ಟರಲ್ಲಿ ಅದು ಯಾವ ನಕ್ಷತ್ರದ ಪಕ್ಕದಲ್ಲಿ ಆರಿತೆಂಬುದೇ ಮರೆತುಹೋಗಿತ್ತು; ಆ ನಷ್ಟಕ್ಕೆ ಇಂದಿಗೂ ಮರುಗುತ್ತೇನೆ. ಆದ್ದರಿಂದ ಈ ಸಲ ನಿಂತಲ್ಲಿಂದ ಕದಲಲಿಲ್ಲ. ಮೊದಲು ಗಡಿಯಾರ ನೋಡಿ ಸಮಯ ಬರೆದುಕೊಂಡೆ. ಬಳಿಕ ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದು ದಿಗಂತದಿಂದ ಅಳೆದೆ: ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಬೆಳಕು ಆರಿದ್ದು ಎರಡು ಮುಷ್ಟಿಯ ಎತ್ತರದಲ್ಲಿ. ಅವಧಿಯನ್ನು ತಿಳಿಯಲು ಕಂಡ ಓಟವನ್ನು ಮನಸ್ಸಿನಲ್ಲಿ ಮೂರು ಸಲ ಮರಳಿ ಓಡಿಸಿ, ಪ್ರತಿ ಸಲವೂ ಫೋನಿನ ಸ್ಟಾಪ್‌ವಾಚ್ ಒತ್ತಿದೆ. ಮೂರು ಸಲವೂ ಮೂರು ಸೆಕೆಂಡಿನ ಆಸುಪಾಸಿನಲ್ಲೇ ಬಂದಿತು.

ಪಕ್ಕದ ತೆಂಗಿನ ಮರದ ಆಚೆಗೇ ಬಿದ್ದಿತೆಂದು ಕಣ್ಣು ಹೇಳುತ್ತಿತ್ತು. ಬಹುಪಾಲು ನೋಡುಗರಿಗೆ ಹಾಗೆಯೇ ಅನ್ನಿಸುತ್ತದೆ, ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಅದು 50 ಕಿ.ಮೀ. ಎತ್ತರದಲ್ಲಿ ಆರಿದ್ದರೆ, 20 ಡಿಗ್ರಿಯಲ್ಲಿ ಕಂಡ ನನ್ನಿಂದ ನೆಲದ ಮೇಲಿನ ದೂರ ಸುಮಾರು 140 ಕಿ.ಮೀ. ಆಗುತ್ತದೆ, ಸದ್ದೇನಾದರೂ ಇದ್ದಲ್ಲಿ ಅದು ತಲುಪಲು ಎಂಟು ನಿಮಿಷ ಬೇಕು. ಹೀಗಾಗಿ ಹತ್ತು ನಿಮಿಷ ಉಸಿರು ಬಿಗಿಹಿಡಿದು ಕಿವಿಗೊಟ್ಟೆ, ಏನೂ ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂಬುದನ್ನೂ ಬರೆದಿಟ್ಟೆ, ಏಕೆಂದರೆ ಅದೂ ಒಂದು ಮಾಹಿತಿಯೇ.

ಅನಂತರ ನಕ್ಷತ್ರಪಟದ ಮೇಲೆ ಪಥವನ್ನು ಎಳೆದು ಹಿಂದಕ್ಕೆ ಚಾಚಿದಾಗ ಗೆರೆಯು ರೋಹಿಣಿಯ ಪಕ್ಕದಿಂದ ಹಾದು ಕೃತ್ತಿಕೆಯ ಬಳಿಗೆ ಹೋಯಿತು. ನವೆಂಬರಿನಲ್ಲಿ ಅಲ್ಲಿಂದಲೇ ಹೊಮ್ಮುವಂತೆ ಕಾಣುವ ವೃಷಭ ಉಲ್ಕೆಗಳು ಎಂಕೆ ಧೂಮಕೇತುವಿನೊಡನೆ ನಂಟುಳ್ಳವು. ಸೆಕೆಂಡಿಗೆ 30 ಕಿ.ಮೀ.ಗೂ ಕಡಿಮೆ ವೇಗದ ಇವು ಉಲ್ಕೆಗಳ ಮಟ್ಟಿಗೆ ನಿಧಾನದವು, ಅಗ್ನಿಗೋಲಗಳಿಗೆ ಹೆಸರಾದವು.

ಒಬ್ಬನ ಕಣ್ಣಿನಿಂದ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ಮರುದಿನ ದೂರದ ಊರಿನ ಗೆಳೆಯನೂ ಅದನ್ನು ಕಂಡನೆಂದು ತಿಳಿದಾಗ, ನನ್ನ ವಿವರವನ್ನು ತಿಳಿಸದೆಯೇ, ಅವನು ನಿಂತಿದ್ದ ಜಾಗಕ್ಕೆ ಮತ್ತೆ ಹೋಗಿ ಬೆಳಕು ಆರಿದ ದಿಕ್ಕನ್ನು ದಿಕ್ಸೂಚಿಯಲ್ಲಿ ನೋಡಿ ಹೇಳುವಂತೆ ಕೇಳಿಕೊಂಡೆ. ಭೂಪಟದ ಮೇಲೆ ಅವನ ಗೆರೆ ನನ್ನದನ್ನು ನನ್ನ ಮನೆಯಿಂದ ಸುಮಾರು 150 ಕಿ.ಮೀ. ದೂರದಲ್ಲಿ ಕತ್ತರಿಸಿತು.